ಶರಣ ಅಂದರೋ, ಮರಣ ಅಂದರೋ: ಒಂದು ಭವನದ ಗೂಂಜು ಇಳಿಸಿದ ಅನುಭವ

“ಯಪ್ಪಾ, ಶರಣ ಅಂದ್ರೋ ಮರಣ ಅಂದ್ರೋ, ಒಂದೂ ತಿಳಿವಲ್ದು ನೋಡು.”

ಶಹಾಬಾದ ಕಡೆಯ ಒಂದು ಹಳ್ಳಿಯ ಭವನದಲ್ಲಿ ಶ್ರಾವಣದ ಪುರಾಣ ಹಚ್ಚಿದ್ದರು. ಮೈಕ್ ಸೆಟ್ ನನ್ನದು. ಮೂರನೇ ದಿನ ಮಂಗಳಾರತಿ ಮುಗಿದ ಮೇಲೆ ನಾನು ವೈರ್ ಸುತ್ತುತ್ತಾ ಕೂತಿದ್ದೆ. ಒಬ್ಬ ಅಜ್ಜಿ ಬಂದು ಈ ಮಾತು ಹೇಳಿ ಹೋದಳು. ಬೈದದ್ದೇನೂ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ನಾನು ಮಾಡಿದ್ದೇನು ಗೊತ್ತಾ? ಮರುದಿನ ಇನ್ನೆರಡು ಸ್ಪೀಕರ್ ಬಾಕ್ಸ್ ತಂದು ಹಿಂದಿನ ಗೋಡೆಗೆ ಆನಿಸಿ ಇಟ್ಟೆ. ವಾಲ್ಯೂಮ್ ಏರಿಸಿದೆ. ಅವತ್ತು ಅಜ್ಜಿ ಒಳಗೆ ಕಾಣಲಿಲ್ಲ. ಹೊರಗೆ ಬಂದು ನೋಡಿದರೆ ಬೇವಿನ ಗಿಡದ ಕಟ್ಟೆ ಮೇಲೆ ಕೂತಿದ್ದಾಳೆ. “ಇಲ್ಲೇ ಚಲೋ ಕೇಳಸ್ತದ” ಅಂದಳು.

ಆ ಮಾತು ಚುಚ್ಚಿತು. ಯಾಕಂದರೆ ಹೊರಗೆ ಕೇಳಿಸುತ್ತಿದ್ದದ್ದು ಮಾಳಿಗೆ ಮೇಲೆ ಕಟ್ಟಿದ ಹಳೇ ಭೋಂಗಾ, ಅಂದರೆ ಕಹಳೆ ಆಕಾರದ ಸ್ಪೀಕರು. ನನ್ನ ಕಾಕಾನ ಕಾಲದ್ದು, ತುದಿ ಸೊಟ್ಟಗಾಗಿದೆ. ಒಳಗೆ ಇದ್ದದ್ದು ಸಾಲ ಮಾಡಿ ತಂದ ಹೊಸ ಬಾಕ್ಸ್. ಅದೇ ಮೈಕು, ಅದೇ ಪುರಾಣಿಕರು, ಅದೇ ಆಂಪ್ಲಿಫೈಯರು. ಭೋಂಗಾದಲ್ಲಿ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳಿಸುತ್ತದೆ, ಬಾಕ್ಸಿನಲ್ಲಿ ಎಲ್ಲ ಕಲಸಿ ಅಂಬಲಿ!

ಕಲಬುರಗಿಯಲ್ಲಿ ಈ ಕಸುಬಿಗೆ ಇಳಿದು ನನಗೆ 22 ವರ್ಷ. ಕಾಕಾ ಕಲಿಸಿದ್ದು ಒಂದೇ ಸೂತ್ರ. ಕೇಳಿಸದಿದ್ದರೆ ಏರಿಸು, ಸೀಟಿ ಹೊಡೆದರೆ ಇಳಿಸು. ಬಯಲಲ್ಲಿ ಜಾತ್ರೆಗೆ, ಓಣಿಯ ಮದುವೆಗೆ ಇದು ನಡೆಯಿತು. ಈ ಭವನದಲ್ಲಿ ಮಾತ್ರ ಸೂತ್ರ ಕೈಕೊಟ್ಟಿತು.

ಭವನ ಹೇಗಿತ್ತು ಅಂದರೆ, ಉದ್ದ 18 ಮೀಟರ್, ಅಗಲ 10, ಎತ್ತರ 5. ನೆಲಕ್ಕೆ ನುಣ್ಣಗೆ ಪಾಲಿಶ್ ಮಾಡಿದ ಪರ್ಸಿ ಕಲ್ಲು. ಅದೇ ಶಹಾಬಾದ್ ಕಲ್ಲು, ನಮ್ಮಲ್ಲಿ ಯಾರ ಮನೆಯಲ್ಲಿ ಇಲ್ಲ ಹೇಳಿ. ಗೋಡೆಗೆ ಸಿಮೆಂಟ್ ಗಿಲಾವು, ಮೇಲೆ ಆಯಿಲ್ ಪೇಂಟು. ಸೂರು ಆರ್‌ಸಿಸಿ. ಪರದೆ ಇಲ್ಲ, ಕುರ್ಚಿ ಇಲ್ಲ. ನೋಡೋಕೆ ಚೆಂದ, ತೊಳೆಯೋಕೆ ಸುಲಭ. ವೇದಿಕೆ ಮೇಲೆ ನಿಂತು ಒಂದು ಚಪ್ಪಾಳೆ ಹೊಡೆದೆ. ಮೊದಲು ಎದುರಿನ ಗೋಡೆಯಿಂದ ‘ಟಪ್’ ಅಂತ ಒಂದು ವಾಪಸ್ ಬಂತು. ಆಮೇಲೆ ‘ಹಾಂಂಂ’ ಅಂತ ಒಂದು ಬಾಲ, ಎಳೆದುಕೊಂಡು ಎಳೆದುಕೊಂಡು ನಿಧಾನಕ್ಕೆ ಸತ್ತಿತು.

ಇವೆರಡೂ ಒಂದೇ ಅಂತ ನಾನು ಅಲ್ಲಿವರೆಗೆ ತಿಳಿದಿದ್ದೆ. ಅಲ್ಲ. ಮೊದಲನೆಯದು ಪ್ರತಿಧ್ವನಿ. ಎರಡನೆಯದಕ್ಕೆ ಪುಸ್ತಕದಲ್ಲಿ ಅನುರಣನ ಅಂತಾರೆ. ನಮ್ಮ ಹುಡುಗರು ಗೂಂಜು ಅಂತಾರೆ, ನಾನೂ ಹಾಗೇ ಬರೆಯುತ್ತೇನೆ.

ಪ್ರತಿಧ್ವನಿಯ ಮೂಲ, ಅಂದರೆ ಸದ್ದು ತಡವಾಗಿ ಬರೋದು, ನನಗೆ ಚಿಕ್ಕಂದಿನಿಂದ ಗೊತ್ತು. ನಮ್ಮಪ್ಪ ಪರ್ಸಿ ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದ. ಬುತ್ತಿ ಒಯ್ಯುವಾಗ ಮೇಲಿನ ದಿಬ್ಬದಿಂದ ನೋಡಿದರೆ ಸುತ್ತಿಗೆ ಕೆಳಗೆ ಬೀಳೋದು ಕಾಣುತ್ತಿತ್ತು, ಸದ್ದು ಇಲ್ಲ. ಸುತ್ತಿಗೆ ಮತ್ತೆ ಮೇಲೆ ಎದ್ದಾಗ ‘ಠಣ್’ ಅಂತ ಕೇಳುತ್ತಿತ್ತು. ಮೇಲೆ ಎತ್ತಿದ ಸುತ್ತಿಗೆಯಿಂದಲೇ ಸದ್ದು ಬರುತ್ತದೆ ಅಂತ ನಾನೂ ತಮ್ಮನೂ ಎಷ್ಟೋ ದಿನ ನಂಬಿದ್ದೆವು. ಸದ್ದಿಗೂ ನಡೆದು ಬರೋಕೆ ಹೊತ್ತು ಬೇಕು, ಅಷ್ಟೇ. 20 ಡಿಗ್ರಿ ಬಿಸಿಯ ಗಾಳಿಯಲ್ಲಿ ಅದು ಸೆಕೆಂಡಿಗೆ 343 ಮೀಟರ್ ಹೋಗುತ್ತದೆ. ಬಿಸಿ ಒಂದು ಡಿಗ್ರಿ ಏರಿದರೆ ಸುಮಾರು 0.6 ಮೀಟರ್ ಜಾಸ್ತಿ. ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ 356ರ ಆಸುಪಾಸು.

ಈಗ ಭವನದ ಲೆಕ್ಕ ನೋಡಿ. ವೇದಿಕೆಯಿಂದ ಹಿಂದಿನ ಗೋಡೆಗೆ 18 ಮೀಟರ್, ಹೋಗಿ ಬರೋಕೆ 36. ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡ. ನಮ್ಮ ಕಿವಿ 30ರಿಂದ 50 ಮಿಲಿಸೆಕೆಂಡಿನ ಒಳಗೆ ವಾಪಸ್ ಬಂದ ಮಾತನ್ನು ಮೂಲದ ಜೊತೆ ಸೇರಿಸಿಕೊಂಡುಬಿಡುತ್ತದೆ. ಅದರಿಂದ ಮಾತು ಇನ್ನಷ್ಟು ಗಟ್ಟಿ ಅನಿಸುತ್ತದೆ, ಕೆಡೋದಿಲ್ಲ. ಅದಕ್ಕಿಂತ ತಡವಾದರೆ ಬೇರೆ ಸದ್ದಾಗಿ ಕೇಳುತ್ತದೆ. ಪಾಪ ಪುರಾಣಿಕರು ತಾವೇ ಆಡಿದ ಮಾತು ತಿರುಗಿ ಬಂದು ಬಡಿದು ತಡವರಿಸುತ್ತಿದ್ದರು. ನಾನು ಅವರಿಗೆ ಜ್ವರ ಅಂದುಕೊಂಡಿದ್ದೆ.

ಗೂಂಜು ಹಾಗಲ್ಲ. ಅದು ಒಂದು ಗೋಡೆಯ ಕೆಲಸ ಅಲ್ಲ. ನೆಲ, ಸೂರು, ನಾಲ್ಕು ಗೋಡೆ, ಎಲ್ಲ ಕಡೆ ಬಡಿದು ಸಾವಿರಾರು ಸಣ್ಣ ವಾಪಸಾತಿಗಳು ಒಂದರ ಮೇಲೊಂದು ಬಿದ್ದು ಬಿಡಿಸಲಾಗದ ಗಂಟಾಗುತ್ತವೆ. ವಿಜಯಪುರದ ಗೋಳ ಗುಮ್ಮಟಕ್ಕೆ ಶಾಲೆಯಿಂದ ಪ್ರವಾಸ ಹೋದವರಿಗೆ ಎರಡೂ ನೆನಪಿರಬೇಕು. ಮೇಲಿನ ಗ್ಯಾಲರಿಯಲ್ಲಿ ಒಬ್ಬ ಪಿಸುಗುಟ್ಟಿದರೆ ಎದುರುಗಡೆ ನಿಂತವನಿಗೆ ಕೇಳುತ್ತದೆ. ಆದರೆ ನಾಲ್ಕು ಜನ ಒಟ್ಟಿಗೆ ಕೂಗಿದರೆ ಯಾರು ಏನಂದರು ಅಂತ ಬ್ರಹ್ಮನಿಗೂ ತಿಳಿಯಲ್ಲ. 1656ರಲ್ಲಿ ಕಟ್ಟಿ ಮುಗಿಸಿದ್ದು ಅದು, ಬಾದಶಹನ ಗೋರಿ. ಅಲ್ಲಿ ಯಾರೂ ಪುರಾಣ ಹಚ್ಚಬೇಕಾಗಿರಲಿಲ್ಲ. ನಮ್ಮ ಭವನದ ಕತೆ ಬೇರೆ ಅಲ್ವಾ.

ಗೂಂಜಿಗೆ ಮಾತು ಯಾಕೆ ಬಲಿಯಾಗುತ್ತದೆ? ಇದು ತಿಳಿದದ್ದು ಅಜ್ಜಿಯ ‘ಶರಣ-ಮರಣ’ದಿಂದಲೇ. ಎರಡರಲ್ಲೂ ‘ಅ’ ಒಂದೇ. ಬಾಯಿ ತೆರೆದು ಆಡುವ ಸ್ವರದಲ್ಲಿ ಬಲ ಇರುತ್ತದೆ. ವ್ಯಂಜನ ಬಡಪಾಯಿ. ಅದರಲ್ಲೂ ಶ, ಸ, ತ, ಕ, ಪ ಇವು ಕ್ಷಣದಲ್ಲಿ ಬಂದು ಹೋಗುವ ಸಣ್ಣ ಸದ್ದು, ಶ, ಸದಂಥವು ಹೆಚ್ಚಿನಂಶ 2000 ಹರ್ಟ್ಜ್‌ಗಿಂತ ಮೇಲೆ ಇರುತ್ತವೆ. ಹಿಂದಿನ ಸ್ವರದ ಗೂಂಜು ಇನ್ನೂ ಸುತ್ತುತ್ತಿರುವಾಗಲೇ ಮುಂದಿನ ವ್ಯಂಜನ ಬರುತ್ತದೆ, ಅದರಲ್ಲಿ ಮುಳುಗುತ್ತದೆ. ನಾವು ಸೆಕೆಂಡಿಗೆ ನಾಲ್ಕೈದು ಅಕ್ಷರ ಆಡುತ್ತೇವೆ. ಬಾಲ ಎರಡು ಮೂರು ಸೆಕೆಂಡು ಉಳಿದರೆ ಹತ್ತಕ್ಷರ ಒಂದರ ಮೇಲೊಂದು ಕೂತ ಹಾಗೆ. ಕೇಳಿಸೋದು ಕೇಳಿಸುತ್ತದೆ, ತಿಳಿಯೋದಿಲ್ಲ.

ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಗಾಳಿ ಅದುರಿತು ಅನ್ನೋ ಎಣಿಕೆ. ಚಿಕ್ಕ ವಯಸ್ಸಿನ ಕಿವಿ 20ರಿಂದ 20,000ದ ತನಕ ಕೇಳುತ್ತದೆ ಅಂತಾರೆ. ನನ್ನ ಕಿವಿಯ ಕತೆ ಕೇಳಬೇಡಿ. ಒಮ್ಮೆ ಪರೀಕ್ಷೆ ಮಾಡಿಸಿದೆ, ಗೆರೆ 4000ದ ಹತ್ತಿರ ಗುಂಡಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು. ಜೋರು ಸದ್ದಿನಲ್ಲಿ ಕೆಲಸ ಮಾಡುವವರಿಗೆ ಮೊದಲ ಪೆಟ್ಟು ಬೀಳೋದು ಅಲ್ಲೇ. ಸದ್ದು ಎಷ್ಟು ಜೋರು ಅನ್ನೋದರ ಅಳತೆ ಡೆಸಿಬಲ್. 85 ಡೆಸಿಬಲ್‌ನಲ್ಲಿ ದಿನಕ್ಕೆ ಎಂಟು ತಾಸು ಇರಬಹುದು ಅನ್ನೋದು ಒಂದು ಮಿತಿ. ಮೂರು ಡೆಸಿಬಲ್ ಏರಿದಂತೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100ರಲ್ಲಿ ಕಾಲು ತಾಸು ಅಷ್ಟೇ. ಮದುವೆ ಮೆರವಣಿಗೆಯಲ್ಲಿ ಬಾಕ್ಸಿನ ಬಾಯಿಗೆ ಕಿವಿ ಕೊಟ್ಟು ಕುಣಿಯುವ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಾನೂ ನಕ್ಕವನೇ. ಈಗ ಜೇಬಿನಲ್ಲಿ ಕಿವಿಗೆ ಇಟ್ಟುಕೊಳ್ಳುವ ಫೋಮ್ ಬಿರಡೆ ಇರುತ್ತದೆ.

ಲೆಕ್ಕ ಹೇಳಿಕೊಟ್ಟವನು ನನ್ನ ಅಕ್ಕನ ಮಗ, ಇಂಜಿನಿಯರಿಂಗ್ ಓದುತ್ತಿದ್ದ. ಭಾನುವಾರ ಅವನನ್ನು ಬೈಕ್ ಮೇಲೆ ಹಳ್ಳಿಗೆ ಕರೆದೊಯ್ದೆ. ಅವನು ಒಂದು ಪೊಟ್ಟಣ ಬಲೂನ್ ತಂದಿದ್ದ. ನನಗೆ ನಗು. “ಮಾಮಾ, ನೀ ಸುಮ್ಕಿರು, ಫೋನ್ ರೆಕಾರ್ಡಿಂಗ್‌ಗೆ ಹಾಕು” ಅಂದ. ಬಲೂನ್ ಊದಿ ಸೂಜಿ ಚುಚ್ಚಿದ. ಢಬ್! ಖಾಲಿ ಭವನ ಗುಡುಗಿತು. ಹಾಗೆ ಐದಾರು ಕಡೆ ಮಾಡಿದೆವು. ಆಮೇಲೆ ಆ ರೆಕಾರ್ಡಿಂಗನ್ನು ಕಂಪ್ಯೂಟರಿನಲ್ಲಿ ಅಡಾಸಿಟಿ ಅನ್ನೋ ಸಾಫ್ಟ್‌ವೇರಿನಲ್ಲಿ ತೆರೆದು, ಸದ್ದಿನ ಗೆರೆ ಇಳಿಯೋಕೆ ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದ.

ಸದ್ದು 60 ಡೆಸಿಬಲ್ ಇಳಿಯೋಕೆ ಬೇಕಾದ ಹೊತ್ತಿಗೆ ಅನುರಣನ ಕಾಲ ಅಂತ ಹೆಸರು. ಊರಿನಲ್ಲಿ ನಾಯಿ, ಟ್ರ್ಯಾಕ್ಟರ್ ಸದ್ದು ಇದ್ದೇ ಇರುತ್ತದೆ, ಪೂರ್ತಿ 60 ಸಿಗಲ್ಲ. 20 ಇಳಿದದ್ದು ನೋಡಿ ಮೂರರಿಂದ ಗುಣಿಸಬೇಕು. ನಮಗೆ ಸಿಕ್ಕಿದ್ದು ನಾಲ್ಕು ಸೆಕೆಂಡಿಗಿಂತ ಜಾಸ್ತಿ. ಮಾತಿಗೆ ಒಂದು ಸೆಕೆಂಡಿನ ಹತ್ತಿರ ಇದ್ದರೆ ಚಲೋ.

ಬಲೂನ್ ಇಲ್ಲದೆಯೂ ಈ ಅಂಕಿಯನ್ನು ಅಂದಾಜು ಮಾಡಬಹುದು. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಮುಗಿಯಿತು. ಹೀರಿಕೆ ಅಂದರೆ ಸದ್ದನ್ನು ನುಂಗುವ ಶಕ್ತಿ. ತೆರೆದ ಕಿಟಕಿಗೆ ಒಂದು ಅಂಕ, ಯಾಕಂದರೆ ಅಲ್ಲಿಂದ ಹೋದ ಸದ್ದು ವಾಪಸ್ ಬರಲ್ಲ. ನುಣ್ಣನೆ ಕಲ್ಲು, ಪೇಂಟ್ ಹೊಡೆದ ಗಿಲಾವು ಇವಕ್ಕೆ 0.02, 0.03. ನಮ್ಮ ಭವನದ ನೆಲ, ಸೂರು, ಗೋಡೆ ಎಲ್ಲ ಸೇರಿ 640 ಚದರ ಮೀಟರ್. 0.03ರಂತೆ ಹಿಡಿದರೆ ಹೀರಿಕೆ ಬರೀ 19. ತೆರೆದ ಕಿಟಕಿ ಬಾಗಿಲು ಸೇರಿ ಇನ್ನು 13. ಒಟ್ಟು 32. ಘನ ಅಳತೆ 900. ಲೆಕ್ಕ ಹಾಕಿ, ನಾಲ್ಕೂವರೆ ಸೆಕೆಂಡು. ಬಲೂನಿಗೂ ಲೆಕ್ಕಕ್ಕೂ ಇಷ್ಟು ತಾಳೆಯಾದಾಗ ನನಗೆ ಮೈ ಜುಮ್ ಅಂದಿತು, ನಿಜ ಹೇಳುತ್ತೇನೆ. ಅಷ್ಟು ವರ್ಷ ಕಿವಿಯಿಂದ ಮಾಡಿದ ಕೆಲಸಕ್ಕೆ ಒಂದು ತಕ್ಕಡಿ ಇದೆ ಅಂತ ಗೊತ್ತಾಗಿದ್ದು ಅವತ್ತು.

ಇನ್ನೊಂದು ಒಗಟೂ ಬಿಡಿಸಿತು. ಅದೇ ಭವನದಲ್ಲಿ ನಾನು ಮದುವೆಗೆ ಮೈಕ್ ಹಾಕಿದ್ದೆ, ಯಾರೂ ತಕರಾರು ಮಾಡಿರಲಿಲ್ಲ. ಕೂತ ಒಬ್ಬ ಮನುಷ್ಯ, ಅವನ ಬಟ್ಟೆ ಬರೆ ಸೇರಿ, ಅರ್ಧ ಚದರ ಮೀಟರಿಗಿಂತ ಚೂರು ಕಡಿಮೆ, 0.45ರಷ್ಟು ತೆರೆದ ಕಿಟಕಿ ನುಂಗುವಷ್ಟು ಸದ್ದು ನುಂಗುತ್ತಾನೆ. ಇನ್ನೂರು ಜನ ಕೂತರೆ 90ರಷ್ಟು ಹೀರಿಕೆ ಸೇರುತ್ತದೆ, ಗೂಂಜು 1.2 ಸೆಕೆಂಡಿಗೆ ಇಳಿಯುತ್ತದೆ. ರೇಷ್ಮೆ ಸೀರೆ, ಪಟಗಾ, ಧೋತರ ಎಲ್ಲ ಪುಕ್ಕಟೆ ಪರದೆ! ಪುರಾಣಕ್ಕೆ ವಾರದ ದಿನ ಬರೋದು ಐವತ್ತು ಜನ. ಆಗ 2.7 ಸೆಕೆಂಡು. ಜನ ಕಡಿಮೆ ಆದಷ್ಟೂ ಮಾತು ಕೆಡುತ್ತದೆ, ಮಾತು ಕೆಟ್ಟಷ್ಟೂ ಜನ ಕಡಿಮೆ ಆಗುತ್ತಾರೆ. ಗುಡಿ ಕಮಿಟಿಯವರು ಪುರಾಣಿಕರನ್ನೇ ಬದಲಿಸುವ ಮಾತಾಡುತ್ತಿದ್ದರು.

ಹೀಗಿದ್ದರೆ ವಾಲ್ಯೂಮ್ ಏರಿಸಿದರೆ ಯಾಕೆ ಆಗಲ್ಲ? ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕಂದರೆ ನಮ್ಮ ಕಸುಬಿನವರು ಎಲ್ಲರೂ ಎಡವೋದು ಇಲ್ಲೇ.

ಬಯಲಲ್ಲಿ ಬಾಕ್ಸಿನಿಂದ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 100 ಇದ್ದರೆ ಎರಡರಲ್ಲಿ 94, ನಾಲ್ಕರಲ್ಲಿ 88, ಎಂಟರಲ್ಲಿ 82. ಭವನದ ಒಳಗೆ ಬಾಕ್ಸಿನಿಂದ ನೇರ ಬರುವ ಸದ್ದು ಹೀಗೇ ಇಳಿಯುತ್ತದೆ. ಗೂಂಜು ಮಾತ್ರ ಇಳಿಯಲ್ಲ. ಅದು ಕೆರೆಯ ನೀರಿನ ಹಾಗೆ, ಇಡೀ ಕೋಣೆ ತುಂಬ ಒಂದೇ ಮಟ್ಟ. ಹಾಗಾಗಿ ಬಾಕ್ಸಿನಿಂದ ಇಷ್ಟು ದೂರ ಹೋದ ಮೇಲೆ ನೇರ ಸದ್ದಿಗಿಂತ ಗೂಂಜೇ ಮೇಲಾಗುತ್ತದೆ ಅನ್ನೋ ಒಂದು ಗೆರೆ ಇರುತ್ತದೆ. ಅಳಿಯ ಲೆಕ್ಕ ಹಾಕಿದಾಗ ಐವತ್ತು ಜನರ ಭವನದಲ್ಲಿ ನನ್ನ ಬಾಕ್ಸಿಗೆ ಆ ಗೆರೆ ಬರೀ ಎರಡೂಕಾಲು ಮೀಟರ್. ಅಂದರೆ ಎರಡನೇ ಸಾಲಿನಿಂದಲೇ ಜನ ಗೂಂಜಿನಲ್ಲಿ ಮುಳುಗಿದ್ದರು. ವಾಲ್ಯೂಮ್ ಏರಿಸಿದರೆ ನೇರ ಸದ್ದೂ ಏರುತ್ತದೆ, ಗೂಂಜೂ ಅಷ್ಟೇ ಏರುತ್ತದೆ. ಗೆರೆ ಇದ್ದಲ್ಲೇ ಇರುತ್ತದೆ. ನಾನು ಹಿಂದೆ ಇಟ್ಟ ಎರಡು ಬಾಕ್ಸ್? ಅವು ಕೆರೆಗೆ ಇನ್ನೆರಡು ಕಾಲುವೆ ತಿರುಗಿಸಿದ ಹಾಗೆ. ಹೊರಗಿನ ಭೋಂಗಾಕ್ಕೆ ಗೋಡೆಯೇ ಇಲ್ಲ, ಗೂಂಜೂ ಇಲ್ಲ. ಜೊತೆಗೆ ಅದು ದಪ್ಪ ಸದ್ದನ್ನು ಹೊರಡಿಸೋದೇ ಇಲ್ಲ, ನಡುವಿನ ಸದ್ದನ್ನಷ್ಟೇ ಎಸೆಯುತ್ತದೆ. ಮಾತಿನ ಅರ್ಥ ಇರೋದು ಅಲ್ಲೇ. ಕಾಕಾನ ಭೋಂಗಾಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ವ್ಯಾಟ್ ಬಗ್ಗೆಯೂ ಒಂದು ಮಾತು. “ಸಾವಿರ ವ್ಯಾಟ್ ಬ್ಯಾಡ್ರಿ, ಎರಡು ಸಾವಿರದ್ದು ಹಾಕ್ರಿ” ಅಂತ ಗಿರಾಕಿ ಕೇಳುತ್ತಾರೆ. ವ್ಯಾಟ್ ಎರಡು ಪಟ್ಟಾದರೆ ಏರೋದು ಮೂರು ಡೆಸಿಬಲ್. ‘ಏನೋ ಸ್ವಲ್ಪ ಏರಿತು’ ಅನಿಸುತ್ತದೆ ಅಷ್ಟೇ. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಬಾಡಿಗೆ ಮಾತ್ರ ಎರಡು ಸಾವಿರ ವ್ಯಾಟಿಗೆ ಎರಡು ಪಟ್ಟು ತಗೊಳ್ಳುತ್ತೇವೆ. ನಮ್ಮವರು ಇದನ್ನು ಓದಿ ನನ್ನ ಮೇಲೆ ಸಿಟ್ಟಾಗಬಹುದು.

ಮೊದಲ ಕೆಲಸಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹಿಂದಿನ ಬಾಕ್ಸ್ ಎರಡೂ ತೆಗೆದೆ. ಮುಂದಿನವನ್ನು ತೆಗೆದು ಗೋಡೌನಿನಲ್ಲಿ ಧೂಳು ತಿನ್ನುತ್ತಿದ್ದ ಎರಡು ಕಾಲಂ ಸ್ಪೀಕರ್ ತಂದೆ. ಸಣ್ಣ ಸ್ಪೀಕರುಗಳನ್ನು ಉದ್ದಕ್ಕೆ ಸಾಲಾಗಿ ಜೋಡಿಸಿದ ಕಂಬ ಅದು. ಸದ್ದನ್ನು ಮೇಲೆ ಕೆಳಗೆ ಚೆಲ್ಲದೆ ಅಗಲಕ್ಕೆ ಹರಡುತ್ತದೆ. ಸ್ವಲ್ಪ ಎತ್ತರಕ್ಕೆ ಕಟ್ಟಿ, ಕೂತವರ ತಲೆ ಕಡೆ ಬಾಗಿಸಿದೆ. ಸದ್ದು ಬಡಿಯಬೇಕಾದ್ದು ಜನಕ್ಕೆ, ಬರಿ ಗೋಡೆಗಲ್ಲ. ಜನ ನುಂಗುತ್ತಾರೆ, ಗೋಡೆ ಉಗುಳುತ್ತದೆ.

ಆಮೇಲೆ ಮೈಕು. ಪುರಾಣಿಕರ ಮುಂದೆ ದೊಡ್ಡ ಪುಸ್ತಕ, ಅದರಾಚೆ ಮೈಕು, ಬಾಯಿಗೂ ಅದಕ್ಕೂ ಒಂದೂವರೆ ಅಡಿ. ಉದ್ದ ಕತ್ತಿನ ಸ್ಟ್ಯಾಂಡ್ ಹಾಕಿ ಅರ್ಧ ಅಡಿಗೆ ತಂದೆ. ದೂರ ಮೂರನೇ ಒಂದಕ್ಕೆ ಇಳಿಯಿತು, ಮಾತು ಒಂಬತ್ತೂವರೆ ಡೆಸಿಬಲ್ ಮೇಲಕ್ಕೆ ಬಂತು. ಅಷ್ಟು ಗೈನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಪ್ರಮಾಣ, ಇಳಿಸಬಹುದು. ಇಳಿಸಿದ ಕೂಡಲೇ ಸೀಟಿ ನಿಂತಿತು. ಸೀಟಿ ಅಂದರೆ ಇನ್ನೇನಲ್ಲ, ಸ್ಪೀಕರಿನ ಸದ್ದು ಮೈಕಿಗೆ ಹೋಗಿ, ಅದು ಮತ್ತೆ ಸ್ಪೀಕರಿಗೆ ಬಂದು, ಸುತ್ತಿನಿಂದ ಸುತ್ತಿಗೆ ದೊಡ್ಡದಾಗೋದು. ಒಂದು ಸುತ್ತಿನಲ್ಲಿ ಕಳೆದುಕೊಂಡದ್ದಕ್ಕಿಂತ ಗಳಿಸಿದ್ದು ಜಾಸ್ತಿ ಆದ ಕಡೆ ಅರಚುತ್ತದೆ. ಗೂಂಜು ಜಾಸ್ತಿ ಇದ್ದ ಕೋಣೆಯಲ್ಲಿ ಮೈಕಿಗೆ ಎಲ್ಲ ಕಡೆಯಿಂದಲೂ ಸದ್ದು ಬರುತ್ತದೆ, ಅದಕ್ಕೇ ಬೇಗ ಅರಚುತ್ತದೆ. ಮೈಕು ಬಾಯಿಗೆ ಹತ್ತಿರ ಬಂದಾಗ ದನಿ ದಪ್ಪಗಾಗುತ್ತದೆ. ಮಿಕ್ಸರಿನಲ್ಲಿ 150 ಹರ್ಟ್ಜ್‌ಗಿಂತ ಕೆಳಗಿನದನ್ನು ಕಡಿದೆ. ಪುರಾಣಿಕರಿಗೆ “ಅಪ್ಪಾರ, ಜರಾ ಸಾವಕಾಶ ಹೇಳ್ರಿ” ಅಂತ ಕೈ ಮುಗಿದು ಕೇಳಿಕೊಂಡೆ. ಅದೂ ಒಂದು ಉಪಕರಣವೇ.

ಅರ್ಧ ರೋಗ ಅಷ್ಟರಲ್ಲೇ ಹೋಯಿತು.

ಇನ್ನರ್ಧಕ್ಕೆ ಹೀರಿಕೆ ಬೇಕು. ಕಮಿಟಿಯ ಒಬ್ಬ ಹುಡುಗ “ಅಣ್ಣಾ, ತತ್ತಿ ಟ್ರೇ ಬಡೀರಿ, ಸ್ಟುಡಿಯೋದಾಗ ಅದೇ ಇರ್ತದ” ಅಂದ. ಹಿರಿಯರು ಕೆಂಡವಾದರು. “ಪುರಾಣ ಹಚ್ಚೋ ಜಾಗದಾಗ ತತ್ತಿ ಟ್ರೇನಾ?” ಒಳ್ಳೇದೇ ಆಯಿತು. ತೆಳು ರಟ್ಟಿನ ಟ್ರೇ ಕೀರಲು ಸದ್ದನ್ನು ಒಂದಿಷ್ಟು ತಿನ್ನುತ್ತದೆ, ಉಳಿದದ್ದಕ್ಕೆ ಏನೂ ಮಾಡಲ್ಲ. ಥರ್ಮೊಕೋಲೂ ಅಷ್ಟೇ, ಅದರ ಗುಳ್ಳೆಗಳು ಮುಚ್ಚಿಕೊಂಡಿವೆ. ಸದ್ದನ್ನು ನುಂಗಬೇಕಾದರೆ ಗಾಳಿ ಒಳಗೆ ಹೊಕ್ಕು ಎಳೆಗಳ ನಡುವೆ ತಿಕ್ಕಾಡಬೇಕು. ಆ ತಿಕ್ಕಾಟದಲ್ಲಿ ಸದ್ದು ಬಿಸಿಯಾಗಿ ಹೋಗುತ್ತದೆ. ಕೈಯಿಂದ ಹಿಚುಕಿ, ಬಾಯಿಟ್ಟು ಊದಿ ನೋಡಿ. ಉಸಿರು ಹಾಯ್ದರೆ ಕೆಲಸಕ್ಕೆ ಬಂತು.

ಎಳೆ, ಗಾಳಿ, ದಪ್ಪ. ನನಗೆ ಹೊಳೆದದ್ದು ಕೌದಿ. ನಮ್ಮ ಕಡೆ ಯಾವ ಮನೆಯಲ್ಲಿ ಕೌದಿ ಇಲ್ಲ? ಹಳೇ ಸೀರೆ, ಧೋತರ ಪದರ ಪದರ ಇಟ್ಟು ಹೊಲಿದದ್ದು. ಓಣಿಯಲ್ಲಿ ಕೇಳಿದೆವು. ಹೆಣ್ಮಕ್ಕಳು ನಗುತ್ತಲೇ ಹದಿನಾಲ್ಕು ಕೌದಿ ಕೊಟ್ಟರು. ಒಬ್ಬಾಕೆ ಮಾತ್ರ “ಇದು ನಮ್ಮವ್ವ ಹೊಲಿದಿದ್ದು, ಮಳಿ ಹನಿ ಬಿದ್ದೀತು” ಅಂತ ಕೊಡಲಿಲ್ಲ, ಸರಿಯೇ. ಹಿಂದಿನ ಗೋಡೆಗೆ ಹಗ್ಗ ಕಟ್ಟಿ ತೂಗುಹಾಕಿದೆವು. ಗೋಡೆಗೆ ಅಂಟಿಸದೆ ಅರ್ಧ ಅಡಿ ಬಿಟ್ಟು. ಅದಕ್ಕೆ ಕಾರಣ ಇದೆ. ಗೋಡೆಗೆ ತಾಗಿದಲ್ಲಿ ಗಾಳಿ ಅಲುಗಾಡೋದೇ ಇಲ್ಲ. ಅಲೆಯ ಉದ್ದದ ಕಾಲು ಭಾಗ ದೂರದಲ್ಲಿ ಅದು ಜಾಸ್ತಿ ಓಡಾಡುತ್ತದೆ. 560 ಹರ್ಟ್ಜ್‌ನ ಅಲೆ ಸುಮಾರು 61 ಸೆಂಟಿಮೀಟರ್ ಉದ್ದ, ಅದರ ಕಾಲು ಭಾಗ ಹದಿನೈದು, ಅಂದರೆ ಅರ್ಧ ಅಡಿ. ಅರಿವೆಯನ್ನು ಗಾಳಿ ಓಡಾಡುವ ಜಾಗದಲ್ಲಿ ಇಟ್ಟರೆ ತಿಕ್ಕಾಟ ಜಾಸ್ತಿ.

ಚಪ್ಪಾಳೆ ಹೊಡೆದೆ. ಹಿಂದಿನಿಂದ ಬರುತ್ತಿದ್ದ ‘ಟಪ್’ ಮಾಯ! ಬಾಲ ಇನ್ನೂ ಇತ್ತು, ಗಿಡ್ಡವಾಗಿತ್ತು.

ಅವತ್ತು ರಾತ್ರಿ ಅಳಿಯ ಒಂದು ಕತೆ ಹೇಳಿದ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಪಾಠದ ಸಭಾಂಗಣ ಇತ್ತಂತೆ. ಮೇಷ್ಟ್ರು ಹೇಳಿದ್ದು ಒಂದಕ್ಷರ ತಿಳಿಯುತ್ತಿರಲಿಲ್ಲ. 1895ರಲ್ಲಿ ವ್ಯಾಲೇಸ್ ಸಬೈನ್ ಅನ್ನೋ ತರುಣ ಉಪನ್ಯಾಸಕನಿಗೆ ಅದನ್ನು ಸರಿಮಾಡು ಅಂದರು. ಅವನು ಹತ್ತಿರದ ನಾಟಕಶಾಲೆಯಿಂದ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಒಂದೊಂದಾಗಿ ಹಾಸಿ, ಆರ್ಗನ್ ಕೊಳವೆ ಊದಿಸಿ, ಗಡಿಯಾರ ಹಿಡಿದು ಬಾಲ ಅಳೆಯುತ್ತಿದ್ದ. ಬೆಳಗಾಗೋದರೊಳಗೆ ಮೆತ್ತೆ ವಾಪಸ್ ಇಡಬೇಕು. 0.161ರ ಸೂತ್ರ ಹುಟ್ಟಿದ್ದು ಹಾಗೆ. 1900ರಲ್ಲಿ ಬಾಗಿಲು ತೆರೆದ ಬೋಸ್ಟನ್ ಸಿಂಫನಿ ಹಾಲ್‌ಗೆ ಸಲಹೆ ಕೊಟ್ಟವನೂ ಅವನೇ. ನಾನು ಕೌದಿಗಳನ್ನು ನೋಡಿದೆ. ಅಳಿಯ ನನ್ನನ್ನು ನೋಡಿದ. ಇಬ್ಬರೂ ನಕ್ಕೆವು.

ಕೌದಿ ಕಾಯಂ ಇಡೋಕಾಗಲ್ಲ. ದೀಪ, ಆರತಿ ಇರುವ ಜಾಗ, ಅರಿವೆಗೆ ಕಿಡಿ ತಾಗಿದರೆ ಕಷ್ಟ. ಅಗ್ಗದ ಫೋಮ್ ಶೀಟನ್ನೂ ಅದಕ್ಕೇ ಬೇಡ ಅಂದೆ, ಅದು ಹತ್ತಿದರೆ ಹೊಗೆಯೇ ಕೊಲ್ಲುತ್ತದೆ. ರಾಕ್‌ವುಲ್ ತರಿಸಿದೆವು. ಕಲ್ಲನ್ನು ಕರಗಿಸಿ ಎಳೆ ಮಾಡಿದ ಹತ್ತಿ ಅದು, ಉರಿಯೋದಿಲ್ಲ. ಕಲ್ಲಿನಿಂದ ಬಂದ ರೋಗಕ್ಕೆ ಕಲ್ಲಿನದೇ ಮದ್ದು. ಎರಡು ಇಂಚು ದಪ್ಪದ ಹಲಗೆ, ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ. ಊರಿನ ಬಡಿಗೇರ ಕಟ್ಟಿಗೆ ಚೌಕಟ್ಟು ಮಾಡಿಕೊಟ್ಟ. ಮೇಲೆ ಉಸಿರಾಡುವ ಅರಿವೆ ಹೊದಿಸಿದೆವು. ಮೊದಲ ದಿನ ನಾನು ಬರಿಗೈಲಿ ಮುಟ್ಟಿ ಎರಡು ದಿನ ಕೆರೆದುಕೊಂಡೆ. ತುಂಬು ತೋಳಿನ ಅಂಗಿ, ಕೈಗವಸು, ಮುಖಕ್ಕೆ ಮಾಸ್ಕ್ ಬೇಕೇ ಬೇಕು.

ಒಟ್ಟು 40 ಪ್ಯಾನಲ್. ಹಿಂದಿನ ಗೋಡೆಗೆ ಜಾಸ್ತಿ, ಉಳಿದವು ಎರಡೂ ಪಕ್ಕದ ಗೋಡೆಗೆ. ಎದುರುಬದುರು ಒಂದೇ ಜಾಗದಲ್ಲಿ ಬರದ ಹಾಗೆ ಹಚ್ಚಿದೆವು. ಎರಡು ಬರಿ ಗೋಡೆ ಸಮಾನಾಂತರ ನಿಂತರೆ ಸದ್ದು ಅವೆರಡರ ನಡುವೆ ಚೆಂಡಿನ ಹಾಗೆ ಪುಟಿದು ‘ಟರ್‌ರ್‌ರ್’ ಅನ್ನುತ್ತದೆ. ಒಂದು ಕಡೆಯಾದರೂ ನುಂಗಬೇಕು. ನೆಲಕ್ಕೆ ಜಮಖಾನೆ ಹಾಸಿದೆವು. ಅದರ ಹೀರಿಕೆ ಅಷ್ಟಕ್ಕಷ್ಟೇ, ಆದರೆ ಕೂಡೋರಿಗೆ ತಂಪು ಹತ್ತೋದಿಲ್ಲ. ಲೆಕ್ಕದ ಪ್ರಕಾರ ಐವತ್ತು ಜನ ಕೂತಾಗ 1.6 ಸೆಕೆಂಡು ಬರಬೇಕಿತ್ತು. ಬಲೂನು ಒಡೆದಾಗ ಬಹುತೇಕ ಅಷ್ಟೇ ಬಂತು. ಒಂದು ಸೆಕೆಂಡಿಗೆ ಇಳಿಸಬಹುದಿತ್ತು, ಕಮಿಟಿಯ ಹತ್ತಿರ ರೊಕ್ಕ ಇರಲಿಲ್ಲ. ಇಷ್ಟಕ್ಕೇ ಹಿಂದಿನ ಸಾಲಿನವರು ತಲೆದೂಗೋಕೆ ಶುರು ಮಾಡಿದರು.

ಭವನದ ಪಕ್ಕದ ಮನೆಯವರು “ಇನ್ನ ನಮಗ ಸಪ್ಪಳ ಬರಂಗಿಲ್ಲಲ್ಲ?” ಅಂತ ಕೇಳಿದರು. ಬರುತ್ತದೆ ಅಂದೆ. ಒಳಗಿನ ಗೂಂಜು ಇಳಿಸೋದು ಒಂದು ಕೆಲಸ, ಹೊರಗೆ ಹೋಗೋದನ್ನು ತಡೆಯೋದು ಇನ್ನೊಂದು. ತಡೆಯೋಕೆ ತೂಕ ಬೇಕು, ಸಂದಿ ಇರಬಾರದು. ಕಿಟಕಿ ತೆರೆದಿಟ್ಟರೆ ಯಾವ ಹತ್ತಿಯೂ ಪ್ರಯೋಜನ ಇಲ್ಲ. ರಾತ್ರಿ ಹೊತ್ತು ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇದ್ದರೆ ಸದ್ದು ಕೆಳಕ್ಕೇ ಬಾಗುತ್ತದೆ. ಪಕ್ಕದೂರಿನ ಭಜನೆ ನಡುರಾತ್ರಿ ನಮ್ಮೂರಿಗೆ ಕೇಳಿಸೋದು ಅದಕ್ಕೇ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಸಾಮಾನ್ಯವಾಗಿ ಬಯಲಿಗೆ ಧ್ವನಿವರ್ಧಕ ಹಚ್ಚುವಂತಿಲ್ಲ, ವಸತಿ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಮಾಳಿಗೆಯ ಭೋಂಗಾವನ್ನು ಕಮಿಟಿಯವರೇ ಇಳಿಸಿದರು. ಅಜ್ಜಿ ಈಗ ಒಳಗೆ ಬರುತ್ತಾಳೆ, ಕಂಬಕ್ಕೆ ಆನಿಕೊಂಡು ಕೂಡುತ್ತಾಳೆ.

ಒಂದು ಕೆಲಸ ಬಾಕಿ ಉಳಿದಿದೆ. ಪುರಾಣದ ನಡುನಡುವೆ ಹಾಡು ಬರುತ್ತದೆ. ಹಾರ್ಮೋನಿಯಂ ಸ್ಪಷ್ಟ, ತಬಲಾದ ಬಲಗಡೆಯದು ಸ್ಪಷ್ಟ. ಅದರ ನಡುವಿನ ಕಪ್ಪು ಶಾಯಿಯಿಂದಲೇ ಆ ಚರ್ಮಕ್ಕೆ ತಂತಿಯಂಥ ಸ್ವರ ಬರುತ್ತದೆ ಅಂತ ಸಿ.ವಿ. ರಾಮನ್ 1920ರಲ್ಲೇ ಬರೆದಿದ್ದರಂತೆ. ಆದರೆ ಎಡಗಡೆಯ ಡಗ್ಗಾ ಹೊಡೆದ ಕೂಡಲೇ ಭವನ ‘ಗುಂಂಂ’ ಅನ್ನುತ್ತದೆ. ನೆಲಕ್ಕೂ ಸೂರಿಗೂ 5 ಮೀಟರ್. ಹತ್ತು ಮೀಟರ್ ಉದ್ದದ ಅಲೆ ಅಲ್ಲಿ ಸರಿಯಾಗಿ ಕೂಡುತ್ತದೆ, ಅಂದರೆ 34 ಹರ್ಟ್ಜ್. ಅದರ ಎರಡು ಪಟ್ಟು 68, ಮೂರು ಪಟ್ಟು 102. ಡಗ್ಗಾ ಗುಮ್ಮನ್ನೋದು ಅಲ್ಲೇ ಎಲ್ಲೋ. 100 ಹರ್ಟ್ಜ್‌ನ ಅಲೆ ಮೂರೂವರೆ ಮೀಟರ್ ಹತ್ತಿರ, ಅದರ ಕಾಲು ಭಾಗ 86 ಸೆಂಟಿಮೀಟರ್. ನನ್ನ ಎರಡು ಇಂಚಿನ ಪ್ಯಾನಲ್ ಅದರ ಮುಂದೆ ನೊಣ. ನಾಲ್ಕೂ ಮೂಲೆಯಲ್ಲಿ ನೆಲದಿಂದ ಸೂರಿನ ತನಕ ದಪ್ಪಗೆ ತುಂಬಬೇಕು ಅಂತಾನೆ ಅಳಿಯ. ಮೂಲೆ ಬಿಟ್ಟುಕೊಡೋಕೆ ಕಮಿಟಿಗೆ ಮನಸ್ಸಿಲ್ಲ, ಒಂದರಲ್ಲಿ ಪಲ್ಲಕ್ಕಿ ಇಡುತ್ತಾರೆ. ಸದ್ಯಕ್ಕೆ ತಬಲಾದವನಿಗೆ ಡಗ್ಗಾದ ಕೆಳಗೆ ಒಂದು ಕೌದಿ ಮಡಚಿ ಕೊಟ್ಟಿದ್ದೇನೆ, ಅವನ ಮೈಕನ್ನು ಬಂದ್ ಮಾಡಿದ್ದೇನೆ. ಅವನಿಗೆ ಅದು ಇನ್ನೂ ಗೊತ್ತಾಗಿಲ್ಲ.